ಸಕ್ಕರಿ ಇಳದೈತಿ

ಇವತ್ತರ ನಗಬಾರ್ದು ಅಂತ ಗಂಭೀರ ಮಾರಿ ಮಾಡಿಕೊಂಡು ಕುಂತ ದಿನಾನ ನಮ್ಮ ಅಂಗಡ್ಯಾಗ ಹೊಟ್ಟಿ ಹುಣ್ಣಾಗೂವಂಗ ನಗಿಸೋದು ಏನರ ಒಂದು ನಡದ ಬಿಡ್ತಿತ್ತು. ಅದೂ ಎಲ್ಲಾ ಬಿಟ್ಟು ಬ್ಯಾನಿ ವಿಷಯದಾಗ. ಬ್ಯಾನಿ ಅಂದ್ರ ನಗೂದೇನ್ರಿ ಅಂತ ನೀವು ನನ್ನ ಬೈಬಹುದು. ಬ್ಯಾನಿ ಇದ್ದವ್ರನ್ನ ಮನಿಗೆ ಕಳಸದ ಕೆಲಸದಾಗ ಇಟಗೊಳ್ಳಾಕ ಒಂದು ವರ್ಷ ಒದ್ದಾಡಿ ನೋಡ್ರಿ, ಆಮ್ಯಾಲ ಬೇಕಾದ್ರ ಬೈರಿ.

ನಾನು ಗದಗಿನ ಒಂದು ಕಿರಾಣಿ ಹೋಲ್‌ಸೇಲ್ ಅಂಗಡ್ಯಾಗ ಮ್ಯಾನೇಜರ್ ಇದ್ದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಸಣ್ಣ ಅಂಗಡಿಕಾರರಿಗೆ ಸಕ್ಕರಿ, ಬ್ಯಾಳಿ, ಮೆಣಸಿನಕಾಯಿ ಎಲ್ಲಾ ನಮ್ಮಲ್ಲಿಂದನ ಹೋಗ್ತಿತ್ತು. ಆಗ ಗದಗ ಹೊಸದಾಗಿ ಜಿಲ್ಲಾ ಆಗಿತ್ತು. ನಮ್ಮ ಸಾವ್ಕಾರ್ರು ಮೊದಲ ಮಾಡಿದ ಕೆಲಸ ಅಂದ್ರ ಬೋರ್ಡಿನ ಮ್ಯಾಲಿದ್ದ ‘ಜಿ. ಧಾರವಾಡ’ ಅಳಿಸಿ ‘ಜಿ. ಗದಗ’ ಅಂತ ಬರಸಿದ್ದು. ಎರಡನೇ ಕೆಲಸ ನನ್ನ ಒಳಗ ಕರದದ್ದು. ಇನ್ನ ಮ್ಯಾಲ ನಮ್ಮದು ಜಿಲ್ಲಾ ಮಟ್ಟದ ಅಂಗಡಿ, ಆಳುಗಳೂ ಜಿಲ್ಲಾ ಮಟ್ಟಕ್ಕ ಗಟ್ಟಿ ಇರಬೇಕು, ಬ್ಯಾನಿ ಮಂದಿನ್ನ ಒಬ್ಬೊಬ್ಬರನ್ನ ಮನಿಗೆ ಕಳಸ್ರಿ ಅಂದ್ರು. ಸಾವ್ಕಾರ್ರಿಗೆ ಅದನ್ನ ಹೇಳೂ ಹಕ್ಕು ಇತ್ತು ಬಿಡ್ರಿ. ಅವರು ಸಕ್ಕರಿ ವ್ಯಾಪಾರ ಮಾಡಿದ್ರೂ ಚಾಕ್ಕ ಒಂದು ಚಿಟಿಕಿ ಸಕ್ಕರಿ ಹಾಕ್ಕೋತಿದ್ದಿಲ್ಲ. ಮಾರೋ ಮಾಲು ಮುಟ್ಟಬಾರ್ದು ಅನ್ನೋದು ಅವರ ನೇಮ ಅಂತ ನಾವೆಲ್ಲಾ ಕೈ ಮುಗೀತಿದ್ವಿ.

ಬ್ಯಾನಿ ಮಂದ್ಯಾಗ ಮೊದಲನೇ ಹೆಸರು ಕಾಟಾ ಚಾಚಾಂದು. ಕಾಟಾ ಅಂದ್ರ ಚೀಲ ತೂಗೋ ದೊಡ್ಡ ತಕ್ಕಡಿ. ಇಪ್ಪತ್ತೆಂಟು ವರ್ಷ ಚಾಚಾ ಅದರ ಬಾಜೂಕ ನಿಂತಿದ್ರು. ಬರೋ ಮಾಲು, ಹೋಗೋ ಮಾಲು ಎಲ್ಲಾ ಅವರ ಕಣ್ಣ ಮುಂದ ದಾಟಬೇಕು. ನಾನು ಹಿರೇವಡ್ಡಟ್ಟಿಯಿಂದ ಬಂದು ಈ ಅಂಗಡಿ ಸೇರಿದಾಗ ನಂಗ ಚೀಲದ ಬಾಯಿ ಹೊಲಿಯಾಕ ಸೈತ ಬರ್ತಿದ್ದಿಲ್ಲ. ಎಲ್ಲಾ ಕಲಿಸಿದಾವ್ರು ಚಾಚಾ. ಅಂಥಾವ್ರನ್ನ ನಾನ ಮನಿಗೆ ಕಳಸೂದು ಅಂದ್ರ ನನ್ನ ಕೈಲೆ ಆಗೂ ಮಾತಲ್ಲ. ಸಾವ್ಕಾರ್ರ ಮುಂದ ಹೂಂ ಅಂದೆ, ಮನಸಿನ್ಯಾಗ ಊಹೂಂ ಅಂದೆ.

ಸಕ್ಕರಿ ಏರೈತಿ

ಚಾಚಾಗ ಬ್ಯಾನಿ ಐತಿ ಅಂತ ಗೊತ್ತಾಗಿದ್ದ ಒಂದು ಕತಿ. ಯಾಕೋ ಭಾಳ ನೀರಡಕಿ ಅಂತ ಕೊಡಗಟ್ಟಲೆ ನೀರು ಕುಡಿಯಾಕತ್ತಿದ್ರು. ನಾನ ಹಟ ಹಿಡದು ಡಾಕ್ಟರ್ ಕಡೆ ಕಳಸಿದೆ. ಅವರು ತಿರುಗಿ ಬರೂಮುಂದ ನಾನು ಲಕ್ಷ್ಮೇಶ್ವರದ ಅಂಗಡಿಕಾರರ ಕೂಡ ಫೋನಿನ್ಯಾಗ ಮಾತಾಡಾಕತ್ತಿದ್ದೆ. ಆಗಿನ ಫೋನು ಹೆಂಗಂದ್ರ ನಾವು ಒದರಿದ್ದು ಫೋನ್ ಇಲ್ಲದ್ರೂ ಲಕ್ಷ್ಮೇಶ್ವರಕ್ಕ ಕೇಳಬೇಕು, ಹಂಗ ಒದರಬೇಕು.

ಫೋನ್ ಕೈಯಾಗ ಹಿಡಕೊಂಡ, ಏನಂದ್ರು ಚಾಚಾ ಅಂತ ಕೇಳಿದೆ. ಚಾಚಾ ಬಾಗಲದಾಗ ನಿಂತು, “ಸಕ್ಕರಿ ಭಾಳ ಏರೈತಂತ. ಇನ್ನೂ ಏರಬಹುದಂತ” ಅಂದ್ರು.

ನಾನು ಫೋನ್ ಇಟ್ಟು ಓಡಿ ಹೋಗಿ ಅವರನ್ನ ಕುಂಡ್ರಿಸಿ, ಗುಳಿಗಿ ಯಾವಾಗ ತಗೋಬೇಕು, ಏನು ಉಣ್ಣಬೇಕು ಅಂತೆಲ್ಲ ಕೇಳಾಕತ್ತೆ. ಅಷ್ಟರಾಗ ಫೋನ್ ಬಡಕೊಳ್ಳಾಕತ್ತು. ಲಕ್ಷ್ಮೇಶ್ವರದಾವ್ರು, ರೇಟ್ ಇನ್ನೂ ಏರೂದ್ರಾಗ ನಲವತ್ತು ಚೀಲ ಸಕ್ಕರಿ ಇವತ್ತಿಂದ ಇವತ್ತ ಕಳಸ್ರಿ ಅಂದ್ರು. ಹತ್ತು ನಿಮಿಷಕ್ಕ ಶಿರಹಟ್ಟಿ. ಆಮ್ಯಾಲ ಮುಂಡರಗಿ. ಸಂಜಿ ಆಗೂದ್ರಾಗ ನಮ್ಮ ಗೋದಾಮಿನ್ಯಾಗ ಸಕ್ಕರಿ ಚೀಲ ಇಟ್ಟಿದ್ದ ಜಾಗಾದಾಗ ಇಲಿ ಓಡ್ಯಾಡಾಕತ್ತಿದ್ವು.

ಸಾವ್ಕಾರ್ರಿಗೆ ಖುಷಿ ಆಗಿ, ಇಷ್ಟು ಮಾಲು ಹೆಂಗ ಹೋತು ಅಂತ ಕೇಳಿದ್ರು. ನಾನು ಇದ್ದದ್ದು ಇದ್ದಂಗ ಹೇಳಿದೆ. ಸಾವ್ಕಾರ್ರು ಡಾಕ್ಟರ್ ಎಲ್ಲಿ ಕುಂಡ್ರತಾರ, ಯಾವ ಗುಳಿಗಿ ಕೊಟ್ಟಾರ ಅಂತ ಬಾರೀಕ ವಿಚಾರ ಮಾಡಿ, ಕಡೀಕ, “ಹಂಗಾರ ಚಾಚಾಂದು ತಿಂಗಳಿಗೊಮ್ಮೆ ತಪಾಸ ಮಾಡಸ್ರಿ” ಅಂದ್ರು.

ಸಕ್ಕರಿ ಇಳದೈತಿ

ಏರಿದ್ದು ಒಂದು ಫಜೀತಿ ಆದ್ರ ಇಳದದ್ದು ಅದಕ್ಕಿಂತ ದೊಡ್ಡ ಫಜೀತಿ. ಗುಳಿಗಿ ತಗೊಂಡ ಮ್ಯಾಲ ಹೊತ್ತಿಗೆ ಸರಿ ಉಣ್ಣಬೇಕು, ಇಲ್ಲಂದ್ರ ಸಕ್ಕರಿ ಇಳದು ಬೆವತು ನಡುಗ್ತಾರ, ಆಗ ಜಲ್ದಿ ಏನರ ಸಿಹಿ ಕೊಡಬೇಕು ಅಂತ ಡಾಕ್ಟರ್ ಹೇಳಿದ್ರಂತ. ಚಾಚಾ ಅದನ್ನ ನಮಗ ಹೇಳಿದ್ದಿಲ್ಲ. ಹೇಳಿದ್ರ ಕಾಟಾದಿಂದ ಎಬ್ಬಸ್ತಾರ ಅಂತ ಅಂಜಿಕಿ.

ಒಂದಿನ ಮುಂಜಾನೆ ಸಕ್ಕರಿ ಲಾರಿ ಬಂತು. ಚಾಚಾ ರೊಟ್ಟಿ ಬಿಚ್ಚೂದು ಬಿಟ್ಟು ಕಾಟಾಕ್ಕ ಬಂದು ನಿಂತ್ರು. ಹಮಾಲರು ಚೀಲ ಹೊತ್ತು ಹೊತ್ತು ಹಾಕಾಕತ್ತಿದ್ರು. ಅರ್ಧಾ ಲಾರಿ ಆಗೂದ್ರಾಗ ಚಾಚಾ ಬೆವತು, ಕಾಟಾದ ಕಂಬ ಹಿಡಕೊಂಡು, ಸಕ್ಕರಿ ಇಳದೈತಿ ಅಂದ್ರು.

ಹಮಾಲರಾಗ ದೊಡ್ಡಾವ ಲಾರಿ ಕಡೆ ಹೊಳ್ಳಿ ನೋಡಿ, “ಎಲ್ಲೆ ಇಳದೈತಿ ಚಾಚಾ? ಇನ್ನೂ ಐವತ್ತು ಚೀಲ ಮ್ಯಾಲ ಅದಾವಲ್ಲ” ಅಂದ.

ಇಲ್ಲಪಾ, ಇಳದೈತಿ ಅಂತ ಚಾಚಾ. ಇಲ್ಲ ಚಾಚಾ, ಎಣಸ್ರಿ ಬೇಕಾದ್ರ ಅಂತ ಅವ. ಅಲ್ಲೆ ಮಾಲು ಒಯ್ಯಾಕ ಬಂದಿದ್ದ ಶಿರಹಟ್ಟಿ ಅಂಗಡಿಕಾರ ನಡುವ ಬಾಯಿ ಹಾಕಿ, ಕಿಲೋಕ್ಕ ಎಷ್ಟು ಇಳದೈತ್ರಿ ಅಂತ ಕೇಳಿದ. ಇವರ ವಾದ ಮುಗಿಯೂದ್ರಾಗ ಚಾಚಾ ಸಕ್ಕರಿ ಚೀಲದ ಮ್ಯಾಲನ ಒರಗಿಬಿಟ್ರು.

ತಿಳಿದಾಕಿ ಒಬ್ಬಾಕಿನ. ನಮ್ಮಲ್ಲೆ ಬ್ಯಾಳಿ ಹಸನ ಮಾಡೋ ಬ್ಯಾಳಿ ಅವ್ವ. ಆಕಿ ಗಂಡಗೂ ಇದ ಬ್ಯಾನಿ ಇತ್ತಂತ. ಓಡಿ ಬಂದು, ಬೆಲ್ಲದ ಪೆಂಟಿ ಒಡದು ಒಂದು ತುಂಡು ಚಾಚಾನ ಬಾಯಾಗ ಇಟ್ಲು. ಚಾಚಾ ಮೆಲ್ಲಕ ಕಣ್ಣ ತಗದ್ರು. ಸುತ್ತಮುತ್ತ ನೂರು ಚೀಲ ಸಕ್ಕರಿ ಇತ್ತು ನೋಡ್ರಿ, ಅದರ ನಡುವ ಮನಷ್ಯಾ ಸಕ್ಕರಿ ಇಲ್ಲದ ಬಿದ್ದಿದ್ರು. ನಂಗ ಅಳು ಬಂತು, ನಗಿನೂ ಬಂತು.

ಸಾವ್ಕಾರ್ರು ಮಾತ್ರ ನಗಲಿಲ್ಲ. ಇನ್ನೊಮ್ಮೆ ಹಿಂಗಾದ್ರ ಚಾಚಾ ಮನಿಗೆ, ಮಾತು ಮುಗೀತು ಅಂದ್ರು.

ಅವತ್ತ ನಾನು ಒಂದು ಹುಕುಂ ಮಾಡಿದೆ. ಕಾಟಾದ ಕಂಬಕ್ಕ ಒಂದು ಬೆಲ್ಲದ ಡಬ್ಬಿ ಕಟ್ಟಿಸಿದೆ. ಚಾಚಾ ಸಕ್ಕರಿ ಇಳದೈತಿ ಅಂದ ಕೂಡಲೇ ಯಾರೂ ಎದುರು ಮಾತಾಡಬಾರ್ದು, ಎಣಸಬಾರ್ದು, ರೇಟ್ ಕೇಳಬಾರ್ದು, ಬೆಲ್ಲ ಬಾಯಾಗ ಹಾಕಬೇಕು. ಆ ಹೊತ್ತಿಗೆ ಬ್ಯಾನಿ ಇದ್ದವ್ರು ಹಟ ಮಾಡ್ತಾರಂತ, ಬ್ಯಾಡ ಅಂದ್ರೂ ಹಾಕಬೇಕು. ಎರಡು ಸರತಿ ರೂಢಿ ಸೈತ ಮಾಡಿಸಿದೆ. ರೂಢಿ ಮಾಡೂಮುಂದ ನಾನ ಚಾಚಾ ಆಗಿ ಬಿದ್ದಿದ್ದೆ, ಹಮಾಲರು ಸಂಬಳ ಏರಿಸದ ಸಿಟ್ಟೆಲ್ಲಾ ಸೇರಿಸಿ ನನ್ನ ಬಾಯಾಗ ಅರ್ಧಾ ಕಿಲೋ ತುರುಕಿದ್ರು.

ಅವ್ವನ ಕುರ್ಚಿ

ಬ್ಯಾಳಿ ಅವ್ವಂದು ಮೊಣಕಾಲ ಬ್ಯಾನಿ. ದಿನಾ ನೆಲದ ಮ್ಯಾಲ ಕುಂತು ಮೊರದಾಗ ಬ್ಯಾಳಿ ಕೇರಿ ಕೇರಿ ಮೊಣಕಾಲು ಮಡಚಾಕ ಬರದಂಗ ಆಗಿದ್ವು. ಕುಂತ್ರ ಏಳಾಕ ಇಬ್ಬರು ಬೇಕು. ನಾನು ಒಂದು ಕುರ್ಚಿ, ಒಂದು ಮೇಜು ತರಿಸಿ, ಇದರ ಮ್ಯಾಲ ಕುಂತು ಹಸನ ಮಾಡಬೇ ಅಂದೆ.

ನಂಗ ಒಂದು ಮಾತು ನೆನಪಾಗಲಿಲ್ಲ. ನಮ್ಮ ಸಾವ್ಕಾರ್ರು ಕುಂಡ್ರೂದು ನೆಲದ ಗಾದಿ ಮ್ಯಾಲ. ಅವರ ಅಪ್ಪನ ಕಾಲದಿಂದ ಬಂದ ಗಾದಿ ಅದು. ಈಗ ಅಂಗಡ್ಯಾಗ ಎಲ್ಲಾರಕಿಂತ ಮ್ಯಾಲ ಕುಂತಾಕಿ ಬ್ಯಾಳಿ ಅವ್ವ. ಊರ ಕಡೆಯಿಂದ ಬಂದ ಹೊಸಾ ಗಿರಾಕಿಗಳು ಒಳಗ ಬಂದಾವ್ರ ಕುರ್ಚಿಗೆ ಕೈ ಮುಗದು, ತೊಗರಿ ಬ್ಯಾಳಿ ಹೆಂಗ್ರಿ ಅವ್ವಾರ ಅಂತ ಕೇಳಾಕತ್ರು. ಅವ್ವನೂ ಕಡಿಮಿ ಇಲ್ಲ. ರೇಟ್ ಹೇಳಿ, ಇಳಿಸ್ರಿ ಅಂದ್ರ, ಕೆಳಗ ನಮ್ಮ ಗುಮಾಸ್ತರು ಕುಂತಾರ ಅವರನ್ನ ಕೇಳ್ರಿ ಅಂತ ಸಾವ್ಕಾರ್ರ ಕಡೆ ಬೆರಳು ಮಾಡ್ತಿದ್ಲು.

ಮೂರು ದಿನ ತಡಕೊಂಡ ಸಾವ್ಕಾರ್ರು ನಾಲ್ಕನೇ ದಿನ ನನ್ನ ಕರದ್ರು. ಕುರ್ಚಿ ತಗಸ್ತಾರ ಅಂತ ನಾನು ಎದಿ ಗಟ್ಟಿ ಮಾಡಿಕೊಂಡು ಹೋದೆ. ಸಾವ್ಕಾರ್ರು ಸಣ್ಣ ದನಿಯಾಗ, ತಮಗೂ ಒಂದು ಕುರ್ಚಿ ತರಸ್ರಿ ಅಂದ್ರು. ಆದ್ರ ಆಕಿದಕ್ಕಿಂತ ಎರಡ ಬೆರಳು ಎತ್ತರ ಇರಬೇಕು ಅಂತ ಅಳತಿ ಸೈತ ಕೊಟ್ರು.

ದಮ್ಮು

ನಮ್ಮ ಲಾರಿ ಡ್ರೈವರ್‌ಗ ದಮ್ಮಿನ ಬ್ಯಾನಿ. ಮೆಣಸಿನಕಾಯಿ ಚೀಲದ ಘಾಟು ಬಡದ್ರ ಉಸರ ಹಿಡೀತಿತ್ತು. ಮೆಣಸಿನಕಾಯಿ ಬ್ಯಾರೆ ಗಾಡಿಗೆ ಹಾಕಿ, ಅವಗ ಸಕ್ಕರಿ, ಬ್ಯಾಳಿ ಅಷ್ಟ ಕೊಟ್ಟೆ. ಬಾಯಾಗ ಇಟಗೊಂಡು ಎಳಿಯೋ ಔಷಧದ ಪಂಪು ಒಂದು ಯಾವಾಗ್ಲೂ ಕಿಸೆದಾಗ ಇರ್ತಿತ್ತು. ಎಳದ ಮ್ಯಾಲ ಹತ್ತು ಎಣಸೂಮಟ ಉಸರ ಬಿಡಬಾರ್ದು. ಅವ ಒಂದೊಂದ ಬೆರಳು ಎತ್ತಿ ಎಣಸ್ತಿದ್ದ.

ಒಂದಿನ ಅಡರಕಟ್ಟಿಯಿಂದ ಯಾರೋ ಸಾವ್ಕಾರ್ರಿಗೆ ಫೋನ್ ಮಾಡಿ, ನಿಮ್ಮ ಡ್ರೈವರ್ ಗಾಡಿ ಬಾಜೂಕ ಹಚ್ಚಿ ದಮ್ಮು ಎಳಿಯಾಕತ್ತಾನ ಅಂತ ಹೇಳಿದ್ರು. ಬೀಡಿ ಅಂದ್ರ ಸಾವ್ಕಾರ್ರಿಗೆ ಮೈಯೆಲ್ಲಾ ಉರಿ. ಡ್ರೈವರ್ ಬಂದ ಕೂಡಲೇ ಕಿಸೆ ತೋರಸು ಅಂದ್ರು. ಪಂಪು ಹೊರಗ ಬಂತು.

ಡ್ರೈವರ್ ಅದನ್ನ ಕೈಯಾಗ ಹಿಡಕೊಂಡು, “ಹತ್ತು ವರ್ಷ ಬೀಡಿ ಸೇದಿದೆ, ಒಬ್ಬರೂ ಫೋನ್ ಮಾಡ್ಲಿಲ್ರಿ. ಔಷಧ ಸೇದಿದೆ, ಫೋನ್ ಬಂತು” ಅಂದ.

ತೊಂಬತ್ತೆರಡು

ಸಾವ್ಕಾರ್ರು ಚಾಚಾನ ಮಾತು ಮರತಾರ ಅಂದ್ಕೊಂಡಿದ್ದೆ. ಮರತಿದ್ದಿಲ್ಲ. ಒಂದಿನ ಮುಂಡರಗಿಯಿಂದ ಅವರ ತಂಗಿ ಮಗ ಬಂದಿಳದ. ಮೂವತ್ತು ದಾಟಿದ ಪೈಲ್ವಾನ. ಒಂದ ಕೈಲೆ ಚೀಲ ಎತ್ತಾವ. ಒಂದು ವಾರ ಇಬ್ಬರೂ ಕಾಟಾದ ಬಾಜೂಕ ನಿಂದ್ರಲಿ, ಈ ವಾರದಾಗ ಚಾಚಾ ಒಮ್ಮೆ ಖಬರ ತಪ್ಪಿ ಬಿದ್ರ ಕಾಟಾ ಇವಗ ಅಂತ ಸಾವ್ಕಾರ್ರು ಹೇಳಿಬಿಟ್ರು. ಚಾಚಾ ಊಟದ ಹೊತ್ತಿನ್ಯಾಗ ನನ್ನ ಕಡೆ ಬಂದು, “ಮನ್ಯಾಗ ಕುಂತು ಏನು ತೂಗ್ಲಿ ಮ್ಯಾನೇಜರ್ರ?” ಅಂದ್ರು.

ಎರಡನೇ ದಿನ, ನೂರು ಚೀಲ ಸಕ್ಕರಿ ತರಾಕ ಹೋಗಿದ್ದ ನಮ್ಮ ಲಾರಿ ಬಂತು. ಸಾವ್ಕಾರ್ರು ಖುದ್ದ ಬಂದು ನಿಂತ್ರು. ಪೈಲ್ವಾನ ಲಾರಿಗೆ ಒಂದು ಏಟು ಬಡದು, ನೂರು ಬರೋಬ್ಬರಿ ಅದಾವ ಮಾಮಾ ಅಂದ. ಚಾಚಾ ಲಾರಿ ಸುತ್ತ ಒಂದು ಸುತ್ತು ಹಾಕಿ, ಹಿಂದಿನ ತಾಡಪತ್ರಿ ಎತ್ತಿ ನೋಡಿ, ದೊಡ್ಡ ದನಿಯಾಗ ಹೇಳಿದ್ರು, “ಸಕ್ಕರಿ ಇಳದೈತಿ.”

ರೂಢಿ ಅಂದ್ರ ಅದು. ಇಬ್ಬರು ಹಮಾಲರು ಚಾಚಾನ ಕೈ ಹಿಡದ್ರು, ಒಬ್ಬವ ಡಬ್ಬಿ ತಗದ. ಅವ್ವ ಕುರ್ಚಿ ಮ್ಯಾಲಿಂದನ, ದೊಡ್ಡ ತುಂಡು ಹಾಕ್ರಿ ಅಂದ್ಲು. ಚಾಚಾ ತಲಿ ಅಳ್ಳಾಡಿಸಿದ್ರು. ಹಟ ಮಾಡಾಕತ್ತಾರ, ಇನ್ನೊಂದು ಹಾಕ್ರಿ ಅಂದೆ ನಾನು. ಮಾತಾಡಾಕ ಬಾಯಿ ತಗದಾಗೊಮ್ಮೆ ಒಂದೊಂದ ತುಂಡು ಒಳಗ ಹೋತು. ಲಾರಿ ಕಡೆ ಕೈ ಮಾಡಿದ್ರು. ಲಾರಿ ಆಮ್ಯಾಲ ನೋಡೂಣು ಚಾಚಾ, ಮೊದಲ ನುಂಗ್ರಿ ಅಂದೆ. ಸಾವ್ಕಾರ್ರು ನನ್ನ ಕಡೆ ನೋಡಿ, ಆತಲ್ಲ ಮ್ಯಾನೇಜರ್ರ, ನಾ ಹೇಳಿದ್ದ ಆತು ಅಂದ್ರು.

ಚಾಚಾ ಕೈ ಬಿಡಿಸ್ಕೊಂಡು, ಚೀಲಕ್ಕ ಗುರ್ತು ಹಾಕೋ ಚಾಕ್‌ಪೀಸ್ ತಗೊಂಡು ಕಾಟಾದ ಹಲಗಿ ಮ್ಯಾಲ ದೊಡ್ಡದಾಗಿ ಬರದ್ರು: ೯೨.

ಅವ್ವ ಖುಷಿಲೆ, ತೊಂಬತ್ತೆರಡು ಅಂದ್ರ ಚಲೋ ಸಕ್ಕರಿ, ನಮ್ಮನ್ಯಾವ್ರದು ಎಂದೂ ಇಷ್ಟು ಚಂದ ಬರಲಿಲ್ಲ ಅಂದ್ಲು.

ಸಾವ್ಕಾರ್ರಿಗೆ ಮಾತ್ರ ಸಂಶೇ ಬಂತು. ಡ್ರೈವರ್ ಕಡೆ ಹೊಳ್ಳಿ, ಎಷ್ಟು ಚೀಲ ಕಮ್ಮಿ ಅದಾವಲೇ ಅಂತ ಕೇಳಿದ್ರು. ಅವ ಅದ ಆಗ ಪಂಪು ಎಳದು ಉಸರ ಹಿಡದು ನಿಂತಿದ್ದ. ಆರು ಬೆರಳು ಎದ್ದಿದ್ವು. ಆರು ಚೀಲ ಅಂದ್ರು ಸಾವ್ಕಾರ್ರು. ಏಳನೇ ಬೆರಳು ಎದ್ದಿತು. ಏಳ ಅಂದ್ರು. ಎಂಟನೇದು ಎದ್ದಿತು. ಹತ್ತಕ್ಕ ಬರೂದ್ರಾಗ ಸಾವ್ಕಾರ್ರ ಮಾರಿ ಬಿಳಚಿತ್ತು. ಡ್ರೈವರ್ ಪೂರಾ ಉಸರ ಬಿಟ್ಟು, “ಎಂಟ್ರಿ. ನಿನ್ನಿ ಹೊಂಡೂಮುಂದ ನೀವ ಹೇಳಿದ್ರಲ್ರಿ, ಮಲ್ಲಸಮುದ್ರದ ಬೀಗರ ಮನಿ ಲಗ್ನಕ್ಕ ಎಂಟು ಚೀಲ ಇಳಿಸಿ ಬಾ ಅಂತ” ಅಂದ.

ಸಾವ್ಕಾರ್ರು ತಲಿ ಕೆರಕೊಂಡ್ರು. ಅಷ್ಟೊತ್ತಿಗೆ ಚಾಚಾ ಬೆಲ್ಲ ಎಲ್ಲಾ ನುಂಗಿ ಮುಗಿಸಿ, ಅದನ್ನ ಹೇಳಾಕತ್ತಿದ್ದೆ, ಇಳದದ್ದು ಲಾರೀದು, ನಂದಲ್ಲ ಅಂದ್ರು. ಇನ್ನ ಮ್ಯಾಲ ಸಕ್ಕರಿ ಏರಿದ್ರೂ ಇಳದ್ರೂ ಯಾರದು ಅನ್ನೋದು ಮೊದಲ ಕೇಳಬೇಕು ಅಂತ ಸಾವ್ಕಾರ್ರು ಹೊಸಾ ಹುಕುಂ ಮಾಡಿದ್ರು. ಆದ್ರ ವಾರ ಮುಗಿಯೂಮಟ ತಮ್ಮ ಮಾತು ಮಾತ ಅಂದ್ರು.

ಯಾರದು?

ವಾರದ ಕಡೀ ದಿನ. ಮಧ್ಯಾಹ್ನ ಎರಡು ಹೊಡದಿತ್ತು. ಬೀಗರು ಬಂದಿದ್ರು ಅಂತ ಸಾವ್ಕಾರ್ರ ಊಟ ತಪ್ಪಿತ್ತು. ತಮ್ಮ ಎತ್ತರದ ಕುರ್ಚಿ ಮ್ಯಾಲ ಕುಂತು ಪೈಲ್ವಾನನ್ನ ಬೈದ್ರು, ಆಮ್ಯಾಲ ನನ್ನ ಬೈದ್ರು, ಆಮ್ಯಾಲ ಗೋಡಿ ಗಡಿಯಾರ ಬೈದ್ರು. ನಾನು ಫೋನಿನ್ಯಾಗ ಲಕ್ಷ್ಮೇಶ್ವರದ ಅಂಗಡಿಕಾರರ ಕೂಡ ಮಾತಾಡಾಕತ್ತಿದ್ದೆ. ಚಾಚಾ ಕಾಟಾದ ಬಾಜೂಕ ನಿಂತು ಸಾವ್ಕಾರ್ರನ್ನ ಒಂದ ಸವನ ನೋಡಾಕತ್ತಿದ್ರು. ಆಮ್ಯಾಲ ಅಂದ್ರು, “ಸಕ್ಕರಿ ಇಳದೈತಿ.”

ಎಲ್ಲಾರು ಬೆಲ್ಲಕ್ಕ ಕೈ ಹಾಕಿ, ಹೊಸಾ ಹುಕುಂ ನೆನಪಾಗಿ, ಒಂದ ದನಿಯಾಗ ಕೇಳಿದ್ರು, “ಯಾರದು?”

“ಸಾವ್ಕಾರ್ರದು.”

ಪೈಲ್ವಾನ ಗೋದಾಮಿಗೆ ಓಡಿದ. ಹಮಾಲರು ಅವನ ಬೆನ್ನ ಹತ್ತಿದ್ರು. ನಾನು ಫೋನ್ ಮೇಜಿನ ಮ್ಯಾಲ ಒಗದು, ಸಾವ್ಕಾರ್ರ ಸಕ್ಕರಿ ಇಳದೈತಿ ಅಂತ ಒದರಕೋತ, ಲಾರಿ ಕಡೆ ಓಡಿದೆ. ಒಳಗ ಒಂದು, ಎರಡು ಅಂತ ಚೀಲ ಎಣಸಾಕ ಸುರು ಆತು. ಎಣಕಿ ಬರೋಬ್ಬರಿ ಐತಿ ಅಂತ ಹೇಳಾಕ ತಿರುಗಿ ಬಂದು ನೋಡತೇನಿ, ಚಾಚಾ ಸಾವ್ಕಾರ್ರ ಬಾಯಾಗ ಬೆಲ್ಲ ಇಡಾಕತ್ತಾರ. ಸಾವ್ಕಾರ್ರು ಬೆವರಿನ್ಯಾಗ ತೊಯ್ದು ಹೋಗ್ಯಾರ, ಕೈ ಗಡಗಡ ನಡಗಾಕತ್ತಾವ, ಬಾಯಿ ಮಾತ್ರ ಬ್ಯಾಡ ಬ್ಯಾಡ ಅನ್ನಾಕತ್ತೈತಿ. ಬ್ಯಾಡ ಅಂದ್ರೂ ಹಾಕಬೇಕಂತ ಮ್ಯಾನೇಜರ್ರ ಹುಕುಂ ಐತ್ರಿ ಅಂತ ಚಾಚಾ ಎರಡನೇ ತುಂಡು ಇಟ್ರು.

ಹತ್ತು ನಿಮಿಷಕ್ಕ ಸಾವ್ಕಾರ್ರು ಸರಿ ಕುಂತ್ರು. ನೆಹರೂ ಶರ್ಟಿನ ಕಿಸೆದಿಂದ ಒಂದು ಗುಳಿಗಿ ಪಾಕೀಟು ತಗದು ಮೇಜಿನ ಮ್ಯಾಲ ಇಟ್ರು. ಚಾಚಾ ತಮ್ಮ ಕಿಸೆದಿಂದ ತಮ್ಮದು ತಗದು ಬಾಜೂಕ ಇಟ್ರು. ಎರಡೂ ಒಂದ. ಮೂರು ವರ್ಷದಿಂದ ಬ್ಯಾನಿ ಐತಿ, ಸಕ್ಕರಿ ವ್ಯಾಪಾರಿಗೆ ಸಕ್ಕರಿ ಬ್ಯಾನಿ ಅಂದ್ರ ಮಂದಿ ನಗತಾರ ಅಂತ ಮನ್ಯಾಗೂ ಹೇಳಿಲ್ಲ ಅಂದ್ರು ಸಾವ್ಕಾರ್ರು. ಆ ಸಕ್ಕರಿ ಇಲ್ಲದ ಚಾದ ನೇಮ ನಂಗ ಆಗ ತಿಳೀತು.

ಆಮ್ಯಾಲ ಸಾವ್ಕಾರ್ರು ಮಾರಿ ಸಣ್ಣದು ಮಾಡಿ, ಈಗ ಏನು ಮಾಡೂದು ಚಾಚಾ ಅಂತ ಕೇಳಿದ್ರು.

ಚಾಚಾ ಅವರ ಹೆಗಲ ಮ್ಯಾಲ ಕೈ ಇಟ್ಟು, “ಏನೂ ಅಂಜಬ್ಯಾಡ್ರಿ. ನಮ್ಮ ಮ್ಯಾನೇಜರ್ ಭಾಳ ಚಲೋ ಮನಷ್ಯಾ. ಬ್ಯಾನಿ ಐತಿ ಅಂತ ಯಾರನ್ನೂ ಮನಿಗೆ ಕಳಸಂಗಿಲ್ಲ” ಅಂದ್ರು.

ಸಾವ್ಕಾರ್ರು ಮೊದಲ ನಕ್ರು, ಆಮ್ಯಾಲ ಕಣ್ಣ ಒರಸಿಕೊಂಡ್ರು, ಮತ್ತ ನಕ್ರು. ಪೈಲ್ವಾನನ್ನ ಕರದು, ಇವತ್ತಿಂದ ನೀನು ಚೀಲ ಎತ್ತು, ಮತ್ತ ಈ ಬೆಲ್ಲದ ಡಬ್ಬಿ ಖಾಲಿ ಆಗದಂಗ ಕಾಯಿ ಅಂದ್ರು. ಹೊರಗ ಮಾತ್ರ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ ಅಂತ ನಮ್ಮ ಎಲ್ಲಾರ ಕಡೆ ಆಣಿ ತಗೊಂಡ್ರು.

ಅಷ್ಟರಾಗ ಮೇಜಿನ ಮ್ಯಾಲ ನಾನು ಒಗದಿದ್ದ ಫೋನಿನ್ಯಾಗ ಯಾರೋ ಒದರೂದು ಕೇಳಿಸ್ತು. ಕಿವಿಗೆ ಹಚ್ಚಿಕೊಂಡೆ. ಲಕ್ಷ್ಮೇಶ್ವರದಾವ್ರು ಇನ್ನೂ ಇಟ್ಟಿದ್ದಿಲ್ಲ.

“ಸಾವ್ಕಾರ್ರ ಸಕ್ಕರಿ ಇಳದೈತಂತಲ್ರಿ, ಕೇಳಿಸ್ಕೊಂಡೆ. ರೇಟ್ ಮತ್ತ ಏರೂದ್ರಾಗ ನಂಗ ಐವತ್ತು ಚೀಲ ಕಳಸಿಬಿಡ್ರಿ.”

ನಾನು ಫೋನಿನ ಬಾಯಿ ಮುಚ್ಚಿ, ಏನು ಹೇಳ್ಲಿ ಅಂತ ಸಾವ್ಕಾರ್ರ ಮಾರಿ ನೋಡಿದೆ. ಸಾವ್ಕಾರ್ರು ಬಾಯಾಗಿನ ಬೆಲ್ಲ ಈ ಗಲ್ಲದಿಂದ ಆ ಗಲ್ಲಕ್ಕ ಸರಿಸಿ ಅಂದ್ರು:

“ಕಳಸ್ರಿ. ಚಾಚಾನ ನಿಂತು ತೂಗ್ಲಿ.”